ಹನ್ನೊಂದು ತಪ್ಪುಗಳು

ಹುಣಸೂರು
೨೧ ಜುಲೈ ೨೦೨೪, ಭಾನುವಾರ

ಚಿರಂಜೀವಿ ಕುಮಾರಿ ಮುತ್ತಿಗೆ,

ಮಂಗಳಮ್ಮನ ಆಶೀರ್ವಾದಗಳು. ಈ ಪತ್ರ ಒಂದು ತಿಂಗಳು ತಡವಾಗಿದೆ. ತಡವಾಗಿ ಬರೆಯುವವರು ಮೊದಲ ಸಾಲುಗಳಲ್ಲೇ ಕಾರಣ ಹೇಳಿ ಕ್ಷಮೆ ಕೇಳಬೇಕೆಂದು ಎಂಟನೆಯ ತರಗತಿಯಲ್ಲಿ ನಿನಗೆ ಕಲಿಸಿದವಳು ನಾನೇ. ಆದ್ದರಿಂದ ಕೇಳುತ್ತಿದ್ದೇನೆ. ಜೂನ್ ಮುಗಿಯುವವರೆಗೆ ಓದುಬರಹ ಕೂಡದೆಂದು, ಪೊರೆ ತೆಗೆದ ಕಣ್ಣಿನ ವೈದ್ಯರು ಕಟ್ಟಪ್ಪಣೆ ಮಾಡಿದ್ದರು. ಬೇಸಿಗೆ ರಜೆಯಲ್ಲಿ ನೀನು ಇಪ್ಪತ್ತು ದಿನ, ದಿನಕ್ಕೆ ನಾಲ್ಕು ಸಲ, ಗಡಿಯಾರ ನೋಡಿಕೊಂಡು ಹನಿ ಹಾಕಿದೆಯಲ್ಲ, ಆ ಕಣ್ಣು ಈಗ ಸೂಜಿಗೆ ದಾರ ಪೋಣಿಸುವಷ್ಟು ಚೆನ್ನಾಗಿದೆ.

ವೈದ್ಯರ ಮಾತು ಮೀರಿ ನಾನು ಓದಿದ್ದು ಒಂದನ್ನೇ. ಅದು ನೀನು ಕ್ರೀಡಾನಿಲಯಕ್ಕೆ ಮರಳಿದ ಮೇಲೆ ಬರೆದ ಪತ್ರ. ವಾಡಿಕೆಯಂತೆ ಅದನ್ನು ಕೆಂಪು ಶಾಯಿಯಲ್ಲಿ ತಿದ್ದಿ ಮರುಟಪಾಲಿಗೆ ಹಾಕಿದ್ದೆ. ತಲುಪಿರಬೇಕು. ಹನ್ನೊಂದು ತಪ್ಪುಗಳಿದ್ದವು: ಹಕಾರ ಬಿಟ್ಟದ್ದು ಐದು ಕಡೆ, ಒತ್ತಕ್ಷರ ಮೂರು, ಲೇಖನಚಿಹ್ನೆ ಎರಡು, ಸಂಬೋಧನೆ ಒಂದು. ಕಳೆದ ವರ್ಷ ಇಷ್ಟೇ ಉದ್ದದ ಪತ್ರದಲ್ಲಿ ಇಪ್ಪತ್ತಾರು ಇದ್ದವು. ಇದು ಒಳ್ಳೆಯ ಪ್ರಗತಿ. ಶುದ್ಧಪ್ರತಿ ಬರೆದು ಕಳುಹಿಸುವೆಯೆಂದು ಕಾಯುತ್ತಿದ್ದೆ. ಅದು ಬಂದ ಮೇಲೆ ಉತ್ತರಿಸೋಣವೆಂದು ಸುಮ್ಮನಿದ್ದುದು ತಡಕ್ಕೆ ಎರಡನೆಯ ಕಾರಣ.

ಇಲ್ಲಿಯ ಸಮಾಚಾರ ಹೆಚ್ಚೇನೂ ಇಲ್ಲ. ಮಳೆ ಹಿಡಿದಿದೆ. ನಿನ್ನ ಬ್ಯಾಸ್ಕೆಟ್‌ಬಾಲ್ ಅಭ್ಯಾಸಕ್ಕೆಂದು ಹಿತ್ತಿಲ ಗೋಡೆಗೆ ಚನ್ನಬಸವಣ್ಣನವರು ಹೊಡೆದುಕೊಟ್ಟಿದ್ದ ಸೈಕಲ್ ಚಕ್ರದ ಬಳೆ ತುಕ್ಕು ಹಿಡಿಯುತ್ತಿದೆ. ನಮ್ಮ ಶಾಲೆಯ ದೈಹಿಕ ಶಿಕ್ಷಕರಾಗಿದ್ದ ಅವರು ನಿವೃತ್ತರಾದ ಮೇಲೂ ವಾರಕ್ಕೆರಡು ಸಲ ಬಂದು ನನ್ನ ಕಾಫಿಯನ್ನೂ ನನ್ನ ವ್ಯಾಕರಣವನ್ನೂ ಆಡಿಕೊಂಡು ಹೋಗುತ್ತಾರೆ. “ಆ ರಿಮ್ಮು ಕಿತ್ತಾಕ್ಬುಡ್ಲಾ ಮೇಡಮ್ಮೋರೆ? ಸದ್ದು ಅಂತ ಬೈತಿದ್ರಲ್ಲ, ಈಗ ಸದ್ದಿಲ್ವಲ್ಲ” ಎಂದರು ಮೊನ್ನೆ. ಬೇಡವೆಂದೆ. ಗೋಡೆಗೆ ತೂತು ಬೀಳುತ್ತದೆ ಎಂಬ ಕಾರಣ ಹೇಳಿದೆ.

ವಿದ್ಯಾರ್ಥಿನಿಲಯದಲ್ಲಿ ಜಾಗವಿಲ್ಲವೆಂದು ಒಂದು ವಾರದ ಮಟ್ಟಿಗೆ ಬಂದ ನೀನು ಮೂರು ವರ್ಷ ನಮ್ಮ ಮನೆಯಲ್ಲಿ ಉಳಿದೆ. ಬೆಳಿಗ್ಗೆ ಐದೂವರೆಗೆ ಆ ಚೆಂಡು ಗೋಡೆಗೆ ಬಡಿಯುವಾಗ ನಾನು ಕಿಟಕಿಯಿಂದ ಕೂಗುತ್ತಿದ್ದೆ. ಈಗ ಐದೂವರೆಗೆ ಎಚ್ಚರವಾಗುತ್ತದೆ, ಕೂಗಲು ಏನೂ ಇಲ್ಲ.

ಹೋದ ವರ್ಷ ಪಂದ್ಯಾವಳಿಯಿಡೀ ನಿನ್ನನ್ನು ನಾಲ್ಕು ನಿಮಿಷ ಮಾತ್ರ ಆಡಿಸಿದರೆಂದು ರಜೆಯಲ್ಲಿ ನೀನು ಹೇಳಿದ್ದೆ. ಈ ವರ್ಷ ಹೇಗೆ? ಬರೆ. ಅರ್ಧ ಪುಟವಾದರೂ ಸಾಕು.

ಇತಿ ನಿನ್ನ ಶ್ರೇಯೋಭಿಲಾಷಿ,
ಎಚ್. ಎಸ್. ಮಂಗಳಮ್ಮ
ನಿವೃತ್ತ ಮುಖ್ಯೋಪಾಧ್ಯಾಯಿನಿ

⁂

ಹುಣಸೂರು
೨೯ ಸೆಪ್ಟೆಂಬರ್ ೨೦೨೪

ಚಿರಂಜೀವಿ ಕುಮಾರಿ ಮುತ್ತಿಗೆ,

ಆಶೀರ್ವಾದಗಳು. ಜುಲೈ ತಿಂಗಳ ಪತ್ರಕ್ಕೆ ನಿನ್ನಿಂದ ಉತ್ತರ ಬಂದಿಲ್ಲ. ಅಂಚೆಯಲ್ಲಿ ಕಳೆದುಹೋಗಿರಬಹುದೆಂದು ಭಾವಿಸಿ, ಅದರ ವಿಷಯವನ್ನೆಲ್ಲ ಮತ್ತೆ ಬರೆಯುವ ಗೋಜಿಗೆ ಹೋಗದೆ, ಹೊಸ ಸಮಾಚಾರಕ್ಕೆ ಬರುತ್ತೇನೆ.

ಪತ್ರಿಕೆಯ ಕ್ರೀಡಾಪುಟದ ಮೂಲೆಯಲ್ಲಿ ನಿನ್ನ ಹೆಸರು ಬಂದಿದೆ! ಅಂತರ ಜಿಲ್ಲಾ ಪಂದ್ಯದಲ್ಲಿ ಇಪ್ಪತ್ತೆರಡು ಅಂಕ, ಅದರಲ್ಲಿ ಮೂರು ಅಂಕಗಳ ಎಸೆತ ನಾಲ್ಕು. ಚನ್ನಬಸವಣ್ಣನವರು ಪತ್ರಿಕೆ ಹಿಡಿದು ಗೇಟಿನಿಂದಲೇ ಕೂಗಿದರು. “ಬೆಂಚ್ ಮೇಲ್ ಕೂತಿದ್ ಉಡ್ಗಿ ಕಣ್ರೀ! ಇಪ್ಪತ್ತೆಲ್ಡು ಪಾಯಿಂಟು!” ನಾನು “ಹುಡುಗಿ, ಇಪ್ಪತ್ತೆರಡು” ಎಂದೆ. “ಅದ್ನೇ ಅಲ್ವಾ ನಾನೂ ಯೋಳಿದ್ದು” ಎಂದರು.

ವರದಿಯಲ್ಲಿ ನಿನ್ನನ್ನು ‘ಶೂಟಿಂಗ್ ಗಾರ್ಡ್’ ಎಂದು ಕರೆದಿದ್ದಾರೆ. ಇದಕ್ಕೆ ಕನ್ನಡವೇನೆಂದು ಎರಡು ದಿನ ನಿಘಂಟು ತಿರುವಿದೆ. ಕಾವಲು ಕಾಯುವವಳು ಏಕೆ ಗುರಿಯಿಟ್ಟು ಎಸೆಯಬೇಕು, ಎಸೆಯುವವಳು ಏಕೆ ಕಾವಲು ಕಾಯಬೇಕು? ದೂರದಿಂದ ಬುಟ್ಟಿಗೆ ಎಸೆಯುವುದೇ ಅವಳ ಮುಖ್ಯ ಕೆಲಸ, ಹಿಂದೆ ನಿಂತು ಆಟ ಕಟ್ಟುವುದು ಎರಡನೆಯದು ಎಂದು ಚನ್ನಬಸವಣ್ಣನವರು ವಿವರಿಸಿದರು. ಕೊನೆಗೆ ‘ಗುರಿಯಿಟ್ಟು ಹೊಡೆಯುವ ಕಾವಲುಗಾರ್ತಿ’ ಎಂದು ನಾನೇ ಒಂದು ಪದ ಮಾಡಿಕೊಂಡೆ. ಅದರಿಂದ ಆದ ಅನಾಹುತವನ್ನು ಈಗ ಹೇಳುತ್ತೇನೆ.

ಈ ಸುದ್ದಿ ನಿನ್ನ ತಂದೆಗೆ ತಿಳಿಯಬೇಕಲ್ಲವೆ? ಕಾಡಂಚಿನ ನಿಮ್ಮ ಹಾಡಿಯವರೆಲ್ಲ ಹೊಗೆಸೊಪ್ಪು ಹದ ಮಾಡುವ ಕೆಲಸಕ್ಕೆ ಕಂಪಲಾಪುರದ ಕಡೆ ಹೋಗಿದ್ದಾರೆಂದು ಗೊತ್ತಾಯಿತು. ಕಳೆದ ಗುರುವಾರ ಚನ್ನಬಸವಣ್ಣನವರೊಡನೆ ಬಸ್ಸು ಹತ್ತಿದೆ. ಸೊಪ್ಪನ್ನು ಬಿಸಿಯಲ್ಲಿ ಒಣಗಿಸುವ ಬ್ಯಾರನ್ ಮನೆಯೊಳಗೆ ನಿನ್ನ ಸೋದರತ್ತೆ ಪ್ರೇಮಾ ಎತ್ತರದ ಅಡ್ಡಗಳುವಿನ ಮೇಲೆ ಕಾಲು ಅಗಲಿಸಿ ನಿಂತು ಸೊಪ್ಪಿನ ಕಡ್ಡಿಗಳನ್ನು ಜೋಡಿಸುತ್ತಿದ್ದಳು. ಕೆಳಗೆ ನಿನ್ನ ತಂದೆ ಮಾರ. ನಾನು ನಿಂತಲ್ಲಿಂದಲೇ, ಸ್ಪಷ್ಟವಾಗಿ, ನನ್ನ ಹೊಸ ಪದವನ್ನು ಉಪಯೋಗಿಸಿ ಹೇಳಿದೆ: “ಮಾರಪ್ಪ, ನಿಮ್ಮ ಮಗಳು ಗುರಿಯಿಟ್ಟು ಹೊಡೆಯುವ ಕಾವಲುಗಾರ್ತಿ ಆಗಿದ್ದಾಳೆ.”

“ಕಾವ್ಲಾ? ಎಲ್ಲಿ ಕಾವ್ಲು ಮೇಡಮ್ಮೋರೆ?” ಎಂದ.

“ಗಾರ್ಡ್ ಕಣಯ್ಯ, ಶೂಟಿಂಗ್ ಗಾರ್ಡು!” ಎಂದು ಚನ್ನಬಸವಣ್ಣನವರು ನನ್ನ ಸಹಾಯಕ್ಕೆ ಬಂದರು. ಅಲ್ಲಿಗೆ ಪೂರ್ತಿ ಕೆಟ್ಟಿತು.

ಕಾಡಂಚಿನವರಿಗೆ ಗಾರ್ಡ್ ಎಂದರೆ ಒಬ್ಬನೇ, ಕಾಡಿನ ಗಾರ್ಡ್. ಇದು ನನಗಾಗಲಿ ಅವರಿಗಾಗಲಿ ಹೊಳೆಯಲಿಲ್ಲ. ನಿನ್ನ ತಂದೆ ಕೈಯಲ್ಲಿದ್ದುದನ್ನು ಕೆಳಗಿಟ್ಟ. “ಗಾರ್ಡಾ! ನಮ್ ಮುತ್ತೀನಾ? ಕೋವಿ ಬೇರೆ ಕೊಟ್ಟವ್ರಾ? ಬ್ಯಾಡ ಕಣ್ರೀ. ನಾನ್ ಓದೋಕ್ ಕಳ್ಸಿದ್ದು. ಯಾರ್ ಮ್ಯಾಲ್ ಒಡೀತಾಳೆ ಅವ್ಳು?”

ಮೇಲಿನಿಂದ ಪ್ರೇಮಾ, “ಬುಡಣ್ಣ! ನಮ್ಮೋಳೇ ಗಾರ್ಡಾದ್ರೆ ಒಳ್ಳೇದೇಯ. ಜೇನಿಗ್ ಓದಾಗ ತಡ್ಯೋರ್ಯಾರು? ಸ್ವಾದ್ರತ್ತೇನ ಇಡ್ಕೊಂಡೋಗ್ತಾಳಾ?” ಎಂದಳು. ಸುತ್ತಲಿದ್ದವರೆಲ್ಲ ನಕ್ಕರು. ನಿನ್ನ ತಂದೆ ಮಾತ್ರ ನಗಲಿಲ್ಲ. ಅವನ ಮುಖದ ಮೇಲಿನ ಗಾಬರಿ ನೋಡಿ ನನ್ನ ಪದದ ಮೇಲೆ ನನಗೇ ಬೇಸರವಾಯಿತು.

ಕೊನೆಗೆ ಚನ್ನಬಸವಣ್ಣನವರು ಒಂದು ಕುಕ್ಕೆಯನ್ನು ಎರಡನೆಯ ಗಳುವಿಗೆ ಕಟ್ಟಿಸಿ, ಸೊಪ್ಪು ಕಟ್ಟುವ ದಾರದುಂಡೆಯನ್ನು ತೆಗೆದುಕೊಂಡು ಎಸೆದರು. ತಾಗಲಿಲ್ಲ. ಮತ್ತೆ ಎಸೆದರು. ಪ್ರೇಮಾಳ ಕಾಲಿಗೆ ಬಿತ್ತು. “ಇಂಗೇನ್ರೀ ನಮ್ ಉಡ್ಗೀಗ್ ಕಲ್ಸಿದ್ದು ನೀವು?” ಎಂದು ಅವಳು ಕೇಳಿದಳು. ಆಗ ನಿನ್ನ ತಂದೆ ಉಂಡೆಯನ್ನು ಇಸಿದುಕೊಂಡು, ನೋಡಿಯೂ ನೋಡದವನ ಹಾಗೆ ಎಸೆದ. ಕುಕ್ಕೆಯೊಳಗೆ ಬಿತ್ತು. ದಿನವೂ ಮೇಲಿನವರಿಗೆ ದಾರ ಎಸೆಯುವುದು ಅವನ ಕೆಲಸವಂತೆ, ಹತ್ತು ವರ್ಷದವಳಾಗಿದ್ದಾಗ ನೀನೂ ಎಸೆಯುತ್ತಿದ್ದೆಯಂತೆ. ಎಸೆದ ಮೇಲೆ ಅವನ ಮಣಿಕಟ್ಟು ಹಾಗೆಯೇ ಬಾಗಿ ಒಂದು ಗಳಿಗೆ ಗಾಳಿಯಲ್ಲಿ ನಿಂತಿತು. ಹಿತ್ತಿಲಲ್ಲಿ ನೀನು ನಿಲ್ಲಿಸುತ್ತಿದ್ದ ಹಾಗೆಯೇ. ಚನ್ನಬಸವಣ್ಣನವರು ಮೆಲ್ಲಗೆ, “ನೋಡುದ್ರಾ? ಅದು ನಾನ್ ಕಲ್ಸಿದ್ದಲ್ಲ” ಎಂದರು.

“ಇಷ್ಟೇಯಾ? ಇದಕ್ಕೆ ಅಷ್ಟ್ ದೊಡ್ ಎಸರಾ?” ಎಂದು ನಿನ್ನ ತಂದೆ ಉಸಿರುಬಿಟ್ಟ. ಎಸರು ಎಂದರೆ ಮುದ್ದೆಗಿಡುವ ನೀರು, ಹೆಸರು ಎನ್ನಬೇಕು ಎಂದು ನನ್ನ ಬಾಯಿಯವರೆಗೆ ಬಂದಿತ್ತು. ನುಂಗಿಕೊಂಡೆ.

ಹೊರಡುವಾಗ ಅವನು ಕೇಳಿದ: “ಮುತ್ತಿ ನಿಮ್ಗೂ ಕಾಗ್ದ ಆಕ್ತಾಳಾ?”

ನಾನು “ಬರೆಯುತ್ತಿರುತ್ತಾಳೆ” ಎಂದೆ. ಮೂವತ್ತಾರು ವರ್ಷ ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಹೇಳಿದವಳು ನಾನು.

“ನಮ್ಗೂ ತಿಂಗ್ಳಿಗೊಂದ್ ಬತ್ತದೆ. ಪ್ರೇಮ ಓದಿ ಯೋಳ್ತಾಳೆ” ಎಂದು ಅವನು ಗೋಡೆಯ ಸಂದಿಯಿಂದ ಮಡಿಸಿದ ಹಾಳೆಯೊಂದನ್ನು ತೆಗೆದು ನನ್ನ ಕೈಗೆ ಕೊಟ್ಟ. ನಿನ್ನ ಅಕ್ಷರ. ‘ಅಪ್ಪ ನಾನು ಚನಾಗಿವ್ನಿ.’ ಬೇರೆಯವರ ಪತ್ರ ಓದಬಾರದು, ಆದರೂ ಕಣ್ಣು ಓಡಿತು. ಒಂದು ಪುಟದಲ್ಲಿ ಹತ್ತೊಂಬತ್ತು ತಪ್ಪುಗಳಿದ್ದವು. ಆ ಹತ್ತೊಂಬತ್ತು ತಪ್ಪುಗಳೂ ನನಗೆ ಬಂದಿರಬಾರದಿತ್ತೆ ಎನಿಸಿತು.

ಅಂದರೆ ನಿನಗೆ ಪತ್ರ ಬರೆಯಲು ಸಮಯವಿದೆ. ಅಷ್ಟು ತಿಳಿದುಕೊಂಡು ಬಂದೆ.

ಇತಿ,
ಎಚ್. ಎಸ್. ಮಂಗಳಮ್ಮ

⁂

ಹುಣಸೂರು
೧೭ ನವೆಂಬರ್ ೨೦೨೪

ಚಿರಂಜೀವಿ ಕುಮಾರಿ ಮುತ್ತಿಗೆ,

ಆಶೀರ್ವಾದಗಳು. ಕಳೆದ ಭಾನುವಾರ ನಿಲಯಕ್ಕೆ ದೂರವಾಣಿ ಮಾಡಿದವಳು ನಾನೇ ಎಂದು ನಿನಗೆ ಗೊತ್ತು. ನೀನು ಮಾತಾಡಿದೆ. “ನಮಸ್ಕಾರ ಮೇಡಂ. ಚೆನ್ನಾಗಿದ್ದೇನೆ ಮೇಡಂ. ಅಭ್ಯಾಸ ಕ್ರಮವಾಗಿ ನಡೆಯುತ್ತಿದೆ ಮೇಡಂ. ಹೌದು ಮೇಡಂ. ಹಾಗೆಯೇ ಆಗಲಿ ಮೇಡಂ.” ಒಂದು ಹಕಾರವೂ ಬಿದ್ದುಹೋಗಲಿಲ್ಲ. ಮೂರು ವರ್ಷ ನಾನು ಬಯಸಿದ್ದು ಇದನ್ನೇ. ಶಾಲೆಯ ತನಿಖೆಗೆ ಬಂದ ಇನ್‌ಸ್ಪೆಕ್ಟರರ ಎದುರು ನಿಂತ ಹುಡುಗಿಯ ಹಾಗೆ ನೀನು ಮಾತಾಡಿದೆ. ಫೋನು ಇಟ್ಟ ಮೇಲೆ ನಾನು ಎಷ್ಟು ಹೊತ್ತು ಅಲ್ಲೇ ನಿಂತಿದ್ದೆನೋ, ಒಲೆಯ ಮೇಲಿನ ಹಾಲು ಉಕ್ಕಿ ನೆಲದವರೆಗೆ ಹರಿದಿತ್ತು.

ಅದಕ್ಕೂ ಮೊದಲು ನೀನು ಫೋನನ್ನು ನಿಮ್ಮ ತರಬೇತುದಾರರಿಗೆ ಕೊಟ್ಟು ಹೋಗಿದ್ದೆ. ರೇಣುಕಾಪ್ರಸಾದ್ ಅವರು ಭೇರ್ಯದ ಕಡೆಯವರಂತೆ. ಅವರು ಹೇಳಿದ್ದನ್ನು ಯಥಾವತ್ತಾಗಿ ಬರೆಯುತ್ತೇನೆ, ಏಕೆಂದರೆ ಅದು ನಿನ್ನ ಮುಂದಿನ ದಾರಿಗೆ ಸಂಬಂಧಿಸಿದ್ದು.

“ಮೇಡಂ, ಈ ಹುಡ್ಗಿ ಕೈ ಇದೆಯಲ್ಲ, ಇಂಥದ್ದನ್ನ ನಾನು ಹನ್ನೆರಡು ವರ್ಷದಲ್ಲಿ ನೋಡಿಲ್ಲ. ಮೊನ್ನೆ ಇಪ್ಪತ್ತೇಳು ಪಾಯಿಂಟು, ದೂರದಿಂದ್ಲೇ ಆರು ಸಲ ಬುಟ್ಟಿಗೆ. ಜನವರಿಯಲ್ಲಿ ರಾಜ್ಯ ಕಿರಿಯರ ಪಂದ್ಯಾವಳಿ ಅದೆ. ಅಲ್ಲಿ ಚೆನ್ನಾಗ್ ಆಡಿದ್ರೆ ರಾಷ್ಟ್ರೀಯ ಶಿಬಿರ. ಕೈ ಒಂದನ್ನೇ ನೋಡೋದಾದ್ರೆ ಇವತ್ತೇ ಕರ್ಕೊಂಡೋಗ್ತಾರೆ. ಆದ್ರೆ ಬಾಯಿಲ್ಲ ಕಣ್ರೀ ಇವ್ಳಿಗೆ! ಯಾರೂ ಇಲ್ಲದ ಜಾಗದಲ್ಲಿ ನಿಂತಿರ್ತಾಳೆ, ಚೆಂಡು ಕೇಳಲ್ಲ. ಕೂಗೇ ಅಂದ್ರೆ ತುಟಿ ಅಲ್ಲಾಡ್ತದೆ, ಸದ್ದು ಬರಲ್ಲ. ಒಂದ್ ಕ್ಷಣ ಏನೋ ಯೋಚ್ನೆ ಮಾಡ್ತಾಳೆ. ಅಷ್ಟ್ರಲ್ಲಿ ಎದುರಾಳಿ ಬಂದ್ಬುಡ್ತಾಳೆ. ಮೂಗಿ ಗಾರ್ಡನ್ನ ಯಾವ ಶಿಬಿರಕ್ಕೂ ತಗೊಳ್ಳಲ್ಲ ಮೇಡಂ. ನೀವು ಬೆಳ್ಸಿದೋರು, ಒಂದ್ ಮಾತ್ ಯೋಳಿ.”

ಹೇಳುತ್ತೇನೆಂದೆ. ನಾಲ್ಕು ದಿನ ಹೇಗೆ ಹೇಳುವುದೆಂದು ತಿಳಿಯಲಿಲ್ಲ.

ಆ ಒಂದು ಕ್ಷಣದಲ್ಲಿ ನೀನು ಏನು ಯೋಚಿಸುತ್ತೀಯೆಂದು ಅವರಿಗೆ ಗೊತ್ತಿಲ್ಲ. ನನಗೆ ಗೊತ್ತು. ‘ಆಕು’ ಎನ್ನಬೇಕೋ ‘ಹಾಕು’ ಎನ್ನಬೇಕೋ ಎಂದು ಯೋಚಿಸುತ್ತೀಯೆ.

ನಮ್ಮ ಮನೆಗೆ ಬಂದ ಹೊಸದರಲ್ಲಿ ನೀನು ತಟ್ಟೆಯ ಮುಂದೆ ಕುಳಿತು “ಮೇಡಂ, ಸಾರು ಆಕಿ” ಎನ್ನುತ್ತಿದ್ದೆ. ನಾನು ಸೌಟನ್ನು ತಟ್ಟೆಯ ಮೇಲೆ ತಡೆದು ಹಿಡಿಯುತ್ತಿದ್ದೆ. ನೀನು ಎರಡನೆಯ ಸಲ “ಹಾಕಿ” ಎನ್ನುವವರೆಗೆ ಸಾರು ಬೀಳುತ್ತಿರಲಿಲ್ಲ. ಎಂದೂ ಬೈಯಲಿಲ್ಲ, ಎಂದೂ ಹೊಡೆಯಲಿಲ್ಲ ಎಂದು ನಾನು ಹೆಮ್ಮೆಪಟ್ಟುಕೊಂಡಿದ್ದೆ. ಕೆಲವು ತಿಂಗಳ ಮೇಲೆ ನೀನು ಕೇಳುವುದನ್ನೇ ಬಿಟ್ಟೆ. ನಾನು ಬಡಿಸಿದಷ್ಟನ್ನು ಉಂಡು ಎದ್ದುಹೋಗುತ್ತಿದ್ದೆ. ಆಗ ಅದನ್ನು ನಾನು ಶಿಸ್ತು ಎಂದುಕೊಂಡೆ.

ಆದ್ದರಿಂದ ಈಗ ಬರೆಯುತ್ತೇನೆ, ಓದಿಕೊ. ಆಟದ ಅಂಕಣದಲ್ಲಿ ಹಕಾರದ ಅಗತ್ಯವಿಲ್ಲ. ನಿನಗೆ ಹೇಗೆ ಬರುತ್ತದೆಯೋ ಹಾಗೆ ಕೂಗು. ಯಾರೂ ಚೆಂಡನ್ನು ತಡೆದು ಹಿಡಿಯುವುದಿಲ್ಲ.

ಇದನ್ನು ಬರೆಯಲು ನನಗೆ ಎಷ್ಟು ಕಷ್ಟವಾಯಿತೆಂದು ನಿನಗೆ ಅರ್ಥವಾದೀತು. ಈ ಪತ್ರಕ್ಕೂ ಉತ್ತರ ಬಾರದಿದ್ದರೆ ನಾನು ಬೇಸರಪಟ್ಟುಕೊಳ್ಳುವುದಿಲ್ಲ ಎಂದು ಬರೆಯಲು ಹೊರಟಿದ್ದೆ. ಅದೂ ಸುಳ್ಳಾಗುತ್ತದೆ.

ಆಹಾರದ ಕಡೆ ಗಮನವಿರಲಿ. ಬೇಕಾದುದನ್ನು ಕೇಳಿ ಹಾಕಿಸಿಕೊ.

ಇತಿ,
ಎಚ್. ಎಸ್. ಮಂಗಳಮ್ಮ

⁂

ಹುಣಸೂರು
೨೬ ಜನವರಿ ೨೦೨೫

ಚಿರಂಜೀವಿ ಕುಮಾರಿ ಮುತ್ತಿಗೆ,

ಆಶೀರ್ವಾದಗಳು. ಪಂದ್ಯ ಮುಗಿದು ಎರಡು ವಾರಗಳಾದವು. ಅಂದೇ ಬರೆಯಬೇಕಿತ್ತು. ನಾಲ್ಕು ಸಲ ಕುಳಿತು ನಾಲ್ಕು ಹಾಳೆ ಹರಿದೆ. ಮನ್ನಿಸು.

ಅಂತಿಮ ಪಂದ್ಯವನ್ನು ನಾನು ನೋಡಿದೆ. ದಾವಣಗೆರೆಯಲ್ಲಿ ಆಡುವುದನ್ನು ಹುಣಸೂರಿನಲ್ಲಿ ಕುಳಿತು ನೋಡಬಹುದೆಂದು ಚನ್ನಬಸವಣ್ಣನವರು ತಮ್ಮ ಮೊಬೈಲು ತಂದು, ಒರಗಿಸಲು ಏನೂ ಸಿಗದೆ, ನನ್ನ ನಿಘಂಟಿಗೆ ಒರಗಿಸಿ ನಿಲ್ಲಿಸಿದರು. ಅವರ ಹೆಂಡತಿ ಯಶೋದಮ್ಮನವರೂ ಬಂದಿದ್ದರು. ಚಿತ್ರ ಆಗಾಗ ನಿಂತುಬಿಡುತ್ತಿತ್ತು. ಒಂದು ಸಲ ನೀನು ಚೆಂಡು ಎಸೆದು ಮೇಲೆ ನೋಡುತ್ತಿರುವಾಗ ನಿಂತಿತು. ಬಾಗಿದ ಮಣಿಕಟ್ಟು, ಅರೆತೆರೆದ ಬಾಯಿ. ಯಶೋದಮ್ಮನವರು “ಉಡ್ಗಿ ಸೊರಗೋಗವ್ಳೆ ಕಣ್ರೀ” ಎಂದರು. ನನಗೂ ಹಾಗೆಯೇ ಕಂಡಿತು.

ಆಟ ನನಗೆ ಪೂರ್ತಿ ಅರ್ಥವಾಗುವುದಿಲ್ಲ. ನಿನ್ನ ಅಂಗಿಯ ಮೇಲಿನ ಏಳನ್ನು ಹುಡುಕುವುದೊಂದೇ ನನ್ನ ಕೆಲಸವಾಗಿತ್ತು. ಮೊದಲರ್ಧದಲ್ಲಿ ನೀನು ಹದಿನಾಲ್ಕು ಅಂಕ ತಂದೆಯೆಂದು ಚನ್ನಬಸವಣ್ಣನವರು ಲೆಕ್ಕ ಹೇಳುತ್ತಿದ್ದರು. ಮೂರನೆಯ ಅವಧಿಯಲ್ಲಿ ಎದುರು ತಂಡದವರು ನಿನ್ನ ಮೇಲೆ ಇಬ್ಬರನ್ನು ಬಿಟ್ಟರು. ನೀನು ಸರಿದು ಸರಿದು ಬರಿದಾದ ಮೂಲೆಗೆ ಹೋಗಿ ನಿಲ್ಲುತ್ತಿದ್ದೆ. ಯಾರೂ ನೋಡುತ್ತಿರಲಿಲ್ಲ. “ಕೇಳ್ಲೇ, ಕೇಳೇ ನನ್ತಾಯಿ!” ಎಂದು ಚನ್ನಬಸವಣ್ಣನವರು ಮೊಬೈಲಿಗೆ ಹೇಳುತ್ತಿದ್ದರು.

ಆಗ ಕೇಳಿಸಿತು.

“ಆಕು! ಆಕು ಇಲ್ಗೆ!”

ಅಷ್ಟು ಗದ್ದಲದಲ್ಲಿ, ಆ ಚಿಕ್ಕ ಯಂತ್ರದಲ್ಲಿ, ನಿನ್ನ ಧ್ವನಿ ನನಗೆ ಗೊತ್ತಾಯಿತು. ಬ್ಯಾರನ್ನಿನ ಕೆಳಗಿನಿಂದ ಮೇಲಿನವರನ್ನು ಕೂಗುವ ಧ್ವನಿ. ಚೆಂಡು ಬಂದಿತು. ಎಸೆದೆ. ಬಿತ್ತು. ಆಮೇಲೆ ನೀನು ನಿಲ್ಲಿಸಲೇ ಇಲ್ಲ. “ಆಕ್ಲೇ! ಇತ್ಲಾಗ್ ಆಕು! ಬುಡು, ಬುಡು, ನಾನಿವ್ನಿ!” ಮೂವತ್ತೊಂದು ಅಂಕ. ಚನ್ನಬಸವಣ್ಣನವರು ನನ್ನ ಕಡೆ ಓರೆನೋಟ ಬೀರಿ, “ಮೇಡಮ್ಮೋರೆ, ತಿದ್ದಲ್ವಾ?” ಎಂದು ಛೇಡಿಸಿದರು. “ಸುಮ್ನಿರಯ್ಯ” ಎಂದುಬಿಟ್ಟೆ. ನಲವತ್ತು ವರ್ಷದ ಪರಿಚಯದಲ್ಲಿ ಅವರನ್ನು ನಾನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಅವರಿಗೆ ಖುಷಿಯಾಯಿತು.

ಕೊನೆಯ ಎಸೆತ ಬಳೆಯ ಮೇಲೆ ಒಂದು ಸುತ್ತು ತಿರುಗಿ ಹೊರಗೆ ಬಿದ್ದಿತು. ಒಂದು ಅಂಕದಿಂದ ಸೋತಿರಿ. ಚನ್ನಬಸವಣ್ಣನವರು ಟವೆಲಿನಿಂದ ಮುಖ ಮುಚ್ಚಿಕೊಂಡರು. ನೀನು ಅಂಕಣದ ನಡುವೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದೆ. ಯಾರೋ ಹುಡುಗಿ ಬಂದು ನಿನ್ನ ತಲೆ ಸವರಿದಳು. ಅಷ್ಟರಲ್ಲಿ ಚಿತ್ರ ಹೋಯಿತು. ಅವರಿಬ್ಬರೂ ಮನೆಗೆ ಹೊರಟ ಮೇಲೆ ನಾನು ನಿಘಂಟನ್ನು ಕಪಾಟಿನಲ್ಲಿಟ್ಟೆ. ಅಡುಗೆ ಮಾಡುವ ಮನಸ್ಸಾಗಲಿಲ್ಲ. ಹಿತ್ತಿಲಿಗೆ ಹೋಗಿ, ಮಂಚದ ಕೆಳಗಿದ್ದ ನಿನ್ನ ಹಳೆಯ ಚೆಂಡನ್ನು ಆ ಬಳೆಗೆ ಒಮ್ಮೆ ಎಸೆದೆ. ಗಾಳಿ ಇಳಿದ ಚೆಂಡು ನನ್ನ ತಲೆಯ ಎತ್ತರಕ್ಕೂ ಹೋಗಲಿಲ್ಲ. ಇದನ್ನು ಯಾರಿಗೂ ಹೇಳಬೇಡ.

ಮೊನ್ನೆ ರೇಣುಕಾಪ್ರಸಾದ್ ಅವರು ಫೋನು ಮಾಡಿ, ನೀನು ರಾಷ್ಟ್ರೀಯ ಶಿಬಿರಕ್ಕೆ ಆಯ್ಕೆಯಾದ ಸಂಗತಿಯನ್ನು ತಿಳಿಸಿದರು. ಶಿಬಿರದಿಂದ ನಿನಗೆ ಹೇಗೆ ಬರುತ್ತದೆಯೋ ಹಾಗೆ ನನಗೂ ಒಂದು ಪತ್ರ ಹಾಕು, ಕೆಂಪು ಶಾಯಿ ಮುಟ್ಟುವುದಿಲ್ಲ.

ಇತಿ,
ಎಚ್. ಎಸ್. ಮಂಗಳಮ್ಮ